ಬೆಂಗಳೂರಿನಿಂದ ಮಲೆನಾಡು, ಕರಾವಳಿಗೆ ಮೋಟರ್‌ಹೋಮ್‌ನಲ್ಲಿ ಹೋಗುವುದು: ವಯಸ್ಸಾದ ತಂದೆ-ತಾಯಿಯ ಜೊತೆ ಆಗುವ ಮಾತೇ?

ಪ್ರಶ್ನೆ: ಜಯನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್‌ನಲ್ಲಿ ನಾವು ಮನೆಯವರೆಲ್ಲ ಸೇರಿ ಹಾಸನ, ಬೇಲೂರು, ಶೃಂಗೇರಿಯನ್ನು ನೋಡಿಕೊಂಡು ಆಗುಂಬೆ ಘಾಟಿಯಲ್ಲಿ ಉಡುಪಿಗೆ ಇಳಿದು, ಅಲ್ಲಿಂದ ಕರಾವಳಿಯ ಹೆದ್ದಾರಿ ಹಿಡಿದು ಮರವಂತೆ, ಮುರುಡೇಶ್ವರ, ಹೊನ್ನಾವರದವರೆಗೆ ಸಾಗಿ, ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ಸಾಗರ, ಶಿವಮೊಗ್ಗದ ಮೂಲಕ ಬೆಂಗಳೂರಿಗೆ ಹಿಂದಿರುಗಬೇಕೆಂದು ಯೋಚಿಸಿದ್ದೇವೆ. ಒಂದು ವಾರದಿಂದ ಹತ್ತು ದಿನಗಳವರೆಗೆ ಸಮಯವಿದೆ. ನಾನು, ನನ್ನ ಪತ್ನಿ, ಐದನೆಯ ತರಗತಿಯಲ್ಲಿ ಓದುವ ಮಗಳು ಮತ್ತು ನನ್ನ ತಂದೆ-ತಾಯಿ, ಹೀಗೆ ಐದು ಜನ.

ಕಾರು ಬಿಟ್ಟು ಮೋಟರ್‌ಹೋಮ್‌ನ ಯೋಚನೆ ಬಂದದ್ದು ಅಪ್ಪ-ಅಮ್ಮನ ಕಾರಣಕ್ಕೆ. ಅಪ್ಪನಿಗೆ ಮಂಡಿನೋವಿರುವುದರಿಂದ ದಿನವೂ ಹೊಸ ಲಾಡ್ಜಿನ ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಅಮ್ಮನಿಗೆ ದಾರಿಯ ಶೌಚಾಲಯಗಳದ್ದೇ ಚಿಂತೆ. ಆ ಭಯಕ್ಕೆ ಪ್ರಯಾಣದ ದಿನ ಅವರು ನೀರನ್ನೇ ಸರಿಯಾಗಿ ಕುಡಿಯುವುದಿಲ್ಲ. ಹಾಸಿಗೆ, ಸಣ್ಣ ಅಡುಗೆಮನೆ, ಶೌಚಾಲಯ ಎಲ್ಲವೂ ಜೊತೆಯಲ್ಲೇ ಇದ್ದರೆ ಅವರಿಗೆ ಆರಾಮವಾಗಬಹುದು ಎಂಬುದು ನಮ್ಮ ಆಸೆ.

ಬಾಡಿಗೆಗೆ ಪಡೆಯುವಾಗ ಯಾವ ದಾಖಲೆಗಳನ್ನು ನೋಡಬೇಕು, ಕಾರು ಓಡಿಸುವ ನನ್ನ ಲೈಸೆನ್ಸ್ ಸಾಕೇ, ಇಂಥ ಗಾಡಿ ಆಗುಂಬೆಯ ತಿರುವುಗಳಲ್ಲಿ ಇಳಿಯುತ್ತದೆಯೇ, ರಾತ್ರಿಯಿಡೀ ಏ.ಸಿ. ಓಡುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ರಾತ್ರಿ ಎಲ್ಲಿ ನಿಲ್ಲಿಸುವುದೆಂದೂ ತಿಳಿಸಿ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ, "ಇದನ್ನೆಲ್ಲ ಅಲ್ಲಿ ಮಾಡಬೇಡ, ಇಲ್ಲಿಗೆ ಬಾ" ಎನ್ನುತ್ತಿದ್ದಾನೆ. ಅದರ ಬಗ್ಗೆಯೂ ಯಾರಿಗಾದರೂ ಅನುಭವವಿದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ಘಾಟಿ ಪ್ರಿಯ

ತಮ್ಮ ಪ್ರಶ್ನೆಯಲ್ಲಿ ಗಾಡಿಯ ವಿಚಾರ ಹತ್ತು ಸಾಲಿದೆ, ರಾತ್ರಿ ತಂಗುವ ವಿಚಾರ ಒಂದೇ ಸಾಲು. ಇದು ಅದಲುಬದಲಾಗಬೇಕು. ನಾವು ಸ್ನೇಹಿತರು ಸೇರಿ ಒಂದು ಟಿ.ಟಿ.ಯನ್ನು (ಟೆಂಪೊ ಟ್ರಾವೆಲರ್ ವ್ಯಾನನ್ನು) ಕ್ಯಾಂಪರ್ ಆಗಿ ಮಾಡಿಸಿಕೊಂಡು ಇದೇ ದಿಕ್ಕಿನಲ್ಲಿ ಸುತ್ತಾಡಿದ್ದೇವೆ. ನಮ್ಮಲ್ಲಿ ಪ್ರಯಾಣ ಚೆನ್ನಾಗಿ ಆಗುವುದೂ ಕೆಡುವುದೂ ಸಂಜೆ ಐದು ಗಂಟೆಗೆ ಗಾಡಿ ಎಲ್ಲಿದೆ ಎಂಬುದರ ಮೇಲೆ. ಆದ್ದರಿಂದ ಮೊದಲು ತಂಗುವ ಜಾಗಗಳನ್ನು ಫೋನ್ ಮಾಡಿ ಗೊತ್ತುಮಾಡಿಕೊಳ್ಳಿ. ನೋಡುವ ಜಾಗಗಳನ್ನು ಅವುಗಳ ನಡುವೆ ಸೇರಿಸಿಕೊಳ್ಳಿ.

ಹೊರದೇಶಗಳಲ್ಲಿರುವಂತೆ ನೀರು, ವಿದ್ಯುತ್ತು, ಮಲಿನ ನೀರು ಚೆಲ್ಲುವ ವ್ಯವಸ್ಥೆ ಮೂರೂ ಇರುವ ಕ್ಯಾರವಾನ್ ತಾಣಗಳು ನೀವು ಹೇಳಿದ ದಾರಿಯಲ್ಲಿ ಸಿಗುತ್ತವೆಂದು ನಂಬಿಕೊಂಡು ಹೊರಡಬೇಡಿ. ನಮ್ಮ ನಾಡಿನಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿರುವುದು ಕ್ಷೇತ್ರಗಳು. ಶೃಂಗೇರಿ, ಕೊಲ್ಲೂರು, ಧರ್ಮಸ್ಥಳದಂಥ ಊರುಗಳಲ್ಲಿ ದೊಡ್ಡ ಬಸ್ಸುಗಳು ನಿಲ್ಲುವ ಬಯಲು, ಸ್ನಾನ-ಶೌಚದ ವ್ಯವಸ್ಥೆ, ನಸುಕಿನಲ್ಲೇ ಕಾಫಿ ಸಿಗುವ ಹೋಟೆಲು ಎಲ್ಲವೂ ಇರುತ್ತವೆ. ರಾತ್ರಿಯೆಲ್ಲ ಜನರ ಓಡಾಟವಿರುವುದರಿಂದ ಭಯವೂ ಇಲ್ಲ. ಆದರೆ ಡಿಸೆಂಬರ್ ಎಂದರೆ ಅಯ್ಯಪ್ಪ ಮಾಲಾಧಾರಿಗಳ ಕಾಲ. ಅವರ ಬಸ್ಸು, ವ್ಯಾನುಗಳು ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯದ ಬಯಲುಗಳನ್ನು ತುಂಬಿಬಿಡುತ್ತವೆ. ಬೇಲೂರು, ಹಳೇಬೀಡಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ವಾರಾಂತ್ಯವನ್ನು ಈ ಊರುಗಳಲ್ಲಿ ಇಟ್ಟುಕೊಳ್ಳದೆ, ಶನಿವಾರ-ಭಾನುವಾರ ಯಾವುದಾದರೂ ತೋಟದ ಹೋಂಸ್ಟೇಯ ಅಂಗಳದಲ್ಲಿ ನಿಲ್ಲುವಂತೆ ನೋಡಿಕೊಳ್ಳಿ. ಹೋಂಸ್ಟೇಯವರಿಗೆ ಫೋನ್ ಮಾಡುವಾಗ "ರೂಮು ಬೇಡ, ಗಾಡಿ ನಿಲ್ಲಿಸಲು ಜಾಗ, ಒಂದು ನಲ್ಲಿ, ಒಂದು ಪ್ಲಗ್ಗು, ಒಂದು ಬಚ್ಚಲುಮನೆ ಬೇಕು" ಎಂದು ಬಿಡಿಸಿ ಹೇಳಿ. ಮೊದಲು ಅವರಿಗೆ ವಿಚಿತ್ರವೆನಿಸಿದರೂ ಊಟಕ್ಕೆ ಅವರಲ್ಲೇ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮಲೆನಾಡಿನ ಹೋಂಸ್ಟೇಗಳಿಗೆ ಹೋಗುವ ಮಣ್ಣಿನ ದಾರಿಯ ಅಗಲವನ್ನೂ, ದಾರಿಗೆ ಬಾಗಿರುವ ಕೊಂಬೆ ಮತ್ತು ವಿದ್ಯುತ್ ತಂತಿಗಳ ಎತ್ತರವನ್ನೂ ಮೊದಲೇ ಕೇಳಿಕೊಳ್ಳಬೇಕು. ಮೇಲೆ ಏ.ಸಿ. ಕೂರಿಸಿದ ಟಿ.ಟಿ. ಮೂರು ಮೀಟರಿನ ಆಸುಪಾಸು ಎತ್ತರವಿರುತ್ತದೆ. ರೈಲ್ವೆ ಅಂಡರ್‌ಪಾಸ್‌ಗಳ ಮುಂದೆ ಕಬ್ಬಿಣದ ಅಡ್ಡಪಟ್ಟಿ ಇರುವಲ್ಲಿಯೂ ಇದೇ ಎಚ್ಚರ ಬೇಕು. ನಿಮ್ಮ ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಮುಂದೆ ಅಂಟಿಸಿಬಿಡಿ.

ಇನ್ನು ಆಗುಂಬೆ. ಅಲ್ಲಿ 14 ಹಿಮ್ಮುರಿ ತಿರುವುಗಳಿವೆ. ಆ ಘಾಟಿಯಲ್ಲಿ ಮಿನಿಬಸ್ಸುಗಳು ಓಡಾಡುತ್ತವೆ, ಹಾಗಾಗಿ ಗಿಡ್ಡ ಚಾಸಿಯ ಗಾಡಿಗೆ ಅದು ಅಸಾಧ್ಯವೇನಲ್ಲ. ಉದ್ದ ಚಾಸಿಯದ್ದಾದರೆ ಕೆಲವು ತಿರುವುಗಳಲ್ಲಿ ಎದುರಿನ ವಾಹನ ನಿಂತು ದಾರಿ ಕೊಟ್ಟರಷ್ಟೇ ಮುಂದೆ ಹೋಗಲು ಸಾಧ್ಯ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕು. ನೀರು, ಹಾಸಿಗೆ, ಬ್ಯಾಟರಿ, ಐದು ಜನರನ್ನು ಹೊತ್ತ ಗಾಡಿಯನ್ನು ಬರೀ ಬ್ರೇಕಿನ ಮೇಲೆ ಇಳಿಸಿದರೆ ಘಾಟಿಯ ಬುಡದ ಸೋಮೇಶ್ವರ ತಲುಪುವ ಮೊದಲೇ ಬ್ರೇಕು ಕಾದು ಹಿಡಿತ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಅಲ್ಲಿ ನಿರ್ಬಂಧ ಹೇರುವುದು ವಾಡಿಕೆ, ಡಿಸೆಂಬರ್‌ನಲ್ಲಿ ಆ ತೊಂದರೆ ಕಡಿಮೆ. ಆದರೂ ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಆದೇಶವೇನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳಿ. ಉದ್ದ ಚಾಸಿಯ ಗಾಡಿಯೇ ಸಿಕ್ಕಿದರೆ ಆಗುಂಬೆಯ ಆಸೆ ಬಿಟ್ಟು, ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇಳಿಯುವುದು ಮೇಲು. ಅದರಲ್ಲಿ ಲಾರಿಗಳ ಕಾಟವಿದೆ, ತಿರುವುಗಳ ಕಾಟವಿಲ್ಲ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿ ಗಾಡಿ ನಿಲ್ಲಿಸಿ ಮಲಗಬೇಕೆಂದು ಎಲ್ಲರಿಗೂ ಅನಿಸುತ್ತದೆ. ದಯವಿಟ್ಟು ಮಲಗಬೇಡಿ. ಸೂರ್ಯ ಮುಳುಗುವವರೆಗೆ ಕುಳಿತಿದ್ದು ಹೊರಟುಬಿಡಿ. ಇರುಳಿಡೀ ಮೀನಿನ ಲಾರಿಗಳು, ವೋಲ್ವೊ ಬಸ್ಸುಗಳು ಹಾಯುವ ಹೆದ್ದಾರಿಯ ಅಂಚು ಮನೆಮಂದಿ ಮಲಗುವ ಜಾಗವಲ್ಲ.

ಉತ್ತರ: ನಿವೃತ್ತ ವಿದ್ಯುತ್ ಎಂಜಿನಿಯರ್

ರಾತ್ರಿಯಿಡೀ ಏ.ಸಿ. ಓಡುತ್ತದೆ ಎಂದು ಬಾಡಿಗೆ ಕೊಡುವವರು ಹೇಳಿದರೆ ಅವರಿಗೆ ಒಂದು ಸರಳ ಲೆಕ್ಕ ಕೇಳಿ. 12 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು ಎರಡೂವರೆ ಯೂನಿಟ್ ವಿದ್ಯುತ್ತು. ಒಂದು ಟನ್ನಿನ ಏ.ಸಿ. ಕಂಪ್ರೆಸರ್ ಓಡುತ್ತಿರುವಾಗ ಗಂಟೆಗೆ ಒಂದು ಯೂನಿಟ್ಟಿನ ಆಸುಪಾಸು ಎಳೆಯುತ್ತದೆ. ಇನ್ವರ್ಟರಿನ ನಷ್ಟ ಕಳೆದರೆ ಎರಡು ಗಂಟೆಯಲ್ಲಿ ಆಟ ಮುಗಿಯಿತು. ಗಾಡಿಯ ಛಾವಣಿಯ ಮೇಲೆ 400 ವಾಟಿನ ಸೌರಫಲಕವಿದ್ದರೂ ಒಳ್ಳೆಯ ಬಿಸಿಲಿನ ದಿನದಲ್ಲಿ ಒಂದೂವರೆ ಯೂನಿಟ್ ಬಂದರೆ ಪುಣ್ಯ. ಅಡಿಕೆ ತೋಟದ ನೆರಳಿನಲ್ಲಿ ನಿಲ್ಲಿಸಿದರೆ ಅದೂ ಇಲ್ಲ. ಆದ್ದರಿಂದ ಏ.ಸಿ. ಬೇಕಾದ ರಾತ್ರಿ ಹೊರಗಿನ ಪ್ಲಗ್ಗು ಇರುವಲ್ಲೇ ತಂಗಬೇಕು. ಡಿಸೆಂಬರ್‌ನಲ್ಲಿ ಶೃಂಗೇರಿ, ಆಗುಂಬೆಯ ಕಡೆ ಕಂಬಳಿ ಬೇಕಾಗುತ್ತದೆ. ಕರಾವಳಿಗೆ ಇಳಿದ ಮೇಲೆ ಮಾತ್ರ ಆ ತಿಂಗಳಲ್ಲೂ ಸೆಕೆಯಿರುತ್ತದೆ, ಹಾಗಾಗಿ ಪ್ಲಗ್ಗಿನ ಹುಡುಕಾಟವನ್ನು ಉಡುಪಿಯಿಂದ ಹೊನ್ನಾವರದ ನಡುವಿನ ರಾತ್ರಿಗಳಿಗೆ ಮೀಸಲಿಡಿ.

16 ಆಂಪಿಯರಿನ ಸಾಕೆಟ್ ಇರುವ ಕಡೆ ಏ.ಸಿ. ಮತ್ತು ಇಂಡಕ್ಷನ್ ಒಲೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಾಗಿರುತ್ತದೆಂದು ನಂಬಲಾಗದು. ಗಾಡಿಯ ತಗಡಿನ ಮೈಗೆ ವಿದ್ಯುತ್ತು ಸೋರಿದರೆ ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರಿಗೆ ಅಪಾಯ. ಗಾಡಿಯೊಳಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ವಿದ್ಯುತ್ತು ಸೋರಿದರೆ ತಾನಾಗಿಯೇ ಕಡಿದುಹಾಕುವ ಸ್ವಿಚ್ಚು) ಇದೆಯೇ ಎಂದು ಕೇಳಿ, ಅದರ ಟೆಸ್ಟ್ ಗುಂಡಿಯನ್ನು ಅವರ ಮುಂದೆಯೇ ಒತ್ತಿ ನೋಡಿ. ಗ್ಯಾಸ್ ಒಲೆಯಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯೂ ಇರಬೇಕು. ಮಲಗಿದಾಗ ಛಾವಣಿಯ ಗಾಳಿಕಿಂಡಿಯನ್ನು ಒಂದಿಷ್ಟು ತೆರೆದಿಡಿ. ಐದು ಜನರ ಉಸಿರಿಗೇ ಬೆಳಗಿನ ಜಾವಕ್ಕೆ ಗಾಜಿನ ಒಳಮೈಯಲ್ಲಿ ನೀರು ಹನಿದು, ಕಿಟಕಿ ಬದಿಯ ಹಾಸಿಗೆ ತೇವವಾಗಿರುತ್ತದೆ. ಅದನ್ನು ಬಿಸಿಲಿಗೆ ಹಾಕದೆ ಮಡಚಿಟ್ಟರೆ ಮೂರನೆಯ ದಿನಕ್ಕೆ ಬೂಷ್ಟು.

ದಾಖಲೆಯ ವಿಷಯ. ಒಟ್ಟು ತೂಕ 7,500 ಕಿಲೋ ಮೀರದ ಗಾಡಿಯನ್ನು ಎಲ್.ಎಂ.ವಿ. (ಕಾರಿನಂಥ ಲಘು ವಾಹನದ) ಲೈಸೆನ್ಸಿನಲ್ಲಿ ಓಡಿಸಬಹುದು, ಬಾಡಿಗೆ ವಾಹನಗಳಿಗೂ ಇದು ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಚಾಲಕರ ಸಮೇತ ಬರುವ ಗಾಡಿಗೆ ಹಳದಿ ಬೋರ್ಡು, ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಕೈಮುಗಿದು ಬನ್ನಿ. ಕ್ಯಾರವಾನ್‌ಗಳಿಗೆ ಎ.ಐ.ಎಸ್. 124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಆಸನ ಕಿತ್ತು ಮಂಚ ಕೂರಿಸಿ, ಆರ್.ಸಿ.ಯಲ್ಲಿ ಅದನ್ನು ನಮೂದಿಸದೆ ಬಿಟ್ಟ ಗಾಡಿಗೆ ಅಪಘಾತವಾದರೆ ವಿಮೆಯವರು ತಗಾದೆ ತೆಗೆಯಲು ಅದೊಂದೇ ಸಾಕು. ಬೆಲ್ಟ್ ಇರುವ ಆಸನಗಳು ಐದೂ ಇವೆಯೇ ಎಂದು ಎಣಿಸಿಕೊಳ್ಳಿ. ಓಡುವ ಗಾಡಿಯಲ್ಲಿ ಮಂಚದ ಮೇಲೆ ಯಾರನ್ನೂ, ಮುಖ್ಯವಾಗಿ ನಿಮ್ಮ ತಂದೆಯವರನ್ನು, ಮಲಗಿಸಬಾರದು. ಘಾಟಿಯಲ್ಲಿ ಒಂದು ಜೋರು ಬ್ರೇಕು ಬಿದ್ದರೆ ಸಾಕು.

ಉತ್ತರ: ಮಲ್ಲೇಶ್ವರದ ಓದುಗಿ

ಮೇಲಿನ ಇಬ್ಬರ ತಿಳಿವಳಿಕೆಗೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ. ಮಂಡಿನೋವಿರುವವರಿಗೆ ಮೋಟರ್‌ಹೋಮ್ ಸುಲಭ ಎಂಬುದನ್ನು ನಾನು ಒಪ್ಪುವುದಿಲ್ಲ. ಟಿ.ಟಿ.ಯ ಮೆಟ್ಟಿಲು ಮನೆಯ ಮೆಟ್ಟಿಲಿಗಿಂತ ಎತ್ತರ, ಒಳಗಿನ ಶೌಚಾಲಯದಲ್ಲಿ ಮಂಡಿ ಚಾಚಿ ಕೂರಲು ಜಾಗವಿರುವುದಿಲ್ಲ, ನಡುರಾತ್ರಿ ಏಳಬೇಕಾದರೆ ಮಗುವಿನ ಹಾಸಿಗೆ ದಾಟಿ ಹೋಗಬೇಕು. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದಾಗ ಅವರು ಎರಡನೆಯ ರಾತ್ರಿಯೇ "ನನಗೊಂದು ರೂಮು ಮಾಡಿಕೊಡಿ" ಎಂದರು. ಬೇಲೂರು, ಹಳೇಬೀಡು, ಜೋಗದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿವೆ. ಒಂದು ದೊಡ್ಡ ಕಾರು ಮಾಡಿಕೊಂಡು, ನೆಲಮಹಡಿಯ ಕೋಣೆ ಮೊದಲೇ ಕಾದಿರಿಸಿದರೆ ಹಿರಿಯರಿಗೆ ಅದೇ ಸುಖ. ಹೋಗಲೇಬೇಕೆಂದಿದ್ದರೆ ಹಣ ಕಟ್ಟುವ ಮುನ್ನ ನಿಮ್ಮ ತಂದೆಯವರನ್ನೇ ಕರೆದೊಯ್ದು, ಹತ್ತಿ, ಮಲಗಿ, ಎದ್ದು, ಶೌಚಾಲಯದಲ್ಲಿ ಕುಳಿತು ಏಳುವಂತೆ ಹೇಳಿ. ಹಿಡಿದುಕೊಳ್ಳಲು ಹಿಡಿಕೆಯಿಲ್ಲದ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.

ಅಡುಗೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇದನ್ನೂ ಸೇರಿಸುತ್ತೇನೆ. ಅನ್ನ, ಉಪ್ಪಿಟ್ಟು, ಹಾಲು ಕಾಯಿಸುವುದು ಒಳಗೆ ಆಗುತ್ತದೆ. ಒಗ್ಗರಣೆ ಮಾತ್ರ ಒಳಗೆ ಬೇಡ. ಒಣಮೆಣಸಿನಕಾಯಿ ಕರಿದ ಘಾಟು ಮುಚ್ಚಿದ ಗಾಡಿಯಲ್ಲಿ ಎಲ್ಲರನ್ನೂ ಕೆಮ್ಮಿಸಿ ಹೊರಗಟ್ಟುತ್ತದೆ, ಇಂಗಿನ ವಾಸನೆ ದಿಂಬಿಗೆ ಹತ್ತಿದರೆ ಊರು ಸೇರುವವರೆಗೂ ಹೋಗುವುದಿಲ್ಲ. ಪುಳಿಯೋಗರೆ ಗೊಜ್ಜು, ಹುರಿದ ರವೆ, ಚಟ್ನಿಪುಡಿ ಮನೆಯಿಂದಲೇ ತೆಗೆದುಕೊಂಡು ಹೋಗಿ.

ಉತ್ತರ: ದಕ್ಷಿಣ ದ್ವೀಪ ಸುತ್ತಿದವನು

ನ್ಯೂಜಿಲೆಂಡಿನ ಬಗ್ಗೆ ಕೇಳಿದ್ದೀರಿ. ನಾವು ದಂಪತಿ ದಕ್ಷಿಣ ದ್ವೀಪದಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಪಡೆದು ಟೆಕಾಪೊ ಸರೋವರ, ಕ್ವೀನ್ಸ್‌ಟೌನ್, ಟೆ ಆನೌ ಮೂಲಕ ಮಿಲ್ಫರ್ಡ್ ಸೌಂಡ್‌ವರೆಗೆ ಹೋಗಿದ್ದೆವು. ಅಲ್ಲಿಯೂ ವಾಹನಗಳು ನಮ್ಮಂತೆ ಎಡಬದಿಯಲ್ಲೇ ಸಾಗುವುದರಿಂದ ಬೆಂಗಳೂರಿನ ಚಾಲಕರಿಗೆ ಅರ್ಧ ಭಯ ಕಳೆಯುತ್ತದೆ. ಉಳಿದರ್ಧ ಗಾಳಿಯದ್ದು. ಎತ್ತರದ ಗಾಡಿಯನ್ನು ಅಡ್ಡಗಾಳಿ ತಳ್ಳುವುದು ಹೇಗಿರುತ್ತದೆಂದು ನಮ್ಮ ಹೆದ್ದಾರಿಗಳಲ್ಲಿ ನನಗೆ ಗೊತ್ತೇ ಆಗಿರಲಿಲ್ಲ.

ಟೆ ಆನೌನಿಂದ ಮಿಲ್ಫರ್ಡ್‌ಗೆ ಸುಮಾರು 120 ಕಿಲೋಮೀಟರ್. ಕೊನೆಯ ಭಾಗದಲ್ಲಿ 1.2 ಕಿಲೋಮೀಟರ್ ಉದ್ದದ ಹೋಮರ್ ಸುರಂಗವಿದೆ. ಬಂಡೆ ಕೊರೆದ ಆ ಸುರಂಗ ಮಿಲ್ಫರ್ಡ್ ಕಡೆಗೆ ಇಳಿಜಾರಾಗಿ ಸಾಗುತ್ತದೆ, ಹೊರಬಿದ್ದ ಕೂಡಲೇ ಕಣಿವೆ ಒಮ್ಮೆಗೇ ಕಾಲಬುಡದಲ್ಲಿ ತೆರೆದುಕೊಂಡು, ಮಳೆ ಬಂದ ದಿನವಾದರೆ ಎರಡೂ ಬದಿಯ ಬಂಡೆಗೋಡೆಗಳಿಂದ ಲೆಕ್ಕವಿಲ್ಲದಷ್ಟು ನೀರಿನ ಎಳೆಗಳು ಇಳಿಯುತ್ತಿರುತ್ತವೆ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಹಿಮಕುಸಿತದ ಭಯದಿಂದ ದಾರಿ ಮುಚ್ಚುವುದುಂಟು, ಚಕ್ರಕ್ಕೆ ಸುತ್ತುವ ಸರಪಳಿಯನ್ನೂ ಒಯ್ಯಬೇಕಾಗುತ್ತದೆ. ವಯಸ್ಸಾದವರೊಂದಿಗೆ ಮಾರ್ಚ್ ಒಳ್ಳೆಯ ತಿಂಗಳೆಂದು ನನ್ನ ಅಭಿಪ್ರಾಯ. ಬೇಸಿಗೆಯ ನೂಕುನುಗ್ಗಲು ಇಳಿದಿರುತ್ತದೆ, ಚಳಿ ಇನ್ನೂ ಬಂದಿರುವುದಿಲ್ಲ.

ಅಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಬಹುದು ಎಂಬ ಮಾತು ಈಗ ಅರ್ಧಸತ್ಯ. 2023ರಲ್ಲಿ ಕಾನೂನು ಬಿಗಿಯಾಗಿದೆ: ಸ್ಥಳೀಯ ಆಡಳಿತದ ಜಾಗಗಳಲ್ಲಿ ರಾತ್ರಿ ತಂಗಲು ಸಾಮಾನ್ಯವಾಗಿ ಗಾಡಿಯಲ್ಲೇ ನೀರು-ಶೌಚದ ವ್ಯವಸ್ಥೆ ಇದೆಯೆಂದು ಅದು ಪ್ರಮಾಣೀಕೃತವಾಗಿರಬೇಕು, ಅದರಲ್ಲಿ ಕೂರಿಸಿದ ಶೌಚಾಲಯವಿರಬೇಕು, ಮಡಚಿಡುವ ಶೌಚಾಲಯ ನಡೆಯುವುದಿಲ್ಲ. ನಿಯಮ ಮೀರಿದರೆ ದಂಡ. ಆದರೆ ಊರೂರಿಗೂ ಡಂಪ್ ಸ್ಟೇಷನ್ (ಗಾಡಿಯ ಮಲಿನ ನೀರು ಚೆಲ್ಲುವ ಜಾಗ) ಇರುತ್ತದೆ, ಕ್ಯಾಂಪ್ ತಾಣದಲ್ಲಿ ಬಿಸಿನೀರು, ಸಾಮೂಹಿಕ ಅಡುಗೆಮನೆ ಇರುತ್ತವೆ. ನಿಮ್ಮ ತಾಯಿಯವರ ಚಿಂತೆ ಅಲ್ಲಿ ಮೊದಲ ದಿನವೇ ಮಾಯವಾಗುತ್ತದೆ. ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ಶುಲ್ಕ ಬೇರೆ ಇರುವುದರಿಂದ ಬಾಡಿಗೆಯ ದರ ಹೋಲಿಸುವಾಗ ಅದನ್ನೂ ಕೂಡಿಸಿಕೊಳ್ಳಿ. ಇನ್ನೊಂದು ಮಾತು: ಮಲ್ಲೇಶ್ವರದ ಮೇಡಂ ಹೇಳಿದ ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಅಲ್ಲಿಗೆ ಒಯ್ಯುವುದಾದರೆ ದೇಶದೊಳಗೆ ಹೋಗುವಾಗಿನ ಘೋಷಣಾ ಪತ್ರದಲ್ಲಿ ಆಹಾರವಿದೆ ಎಂದು ತಪ್ಪದೆ ಬರೆಯಿರಿ. ಬರೆದರೆ ಅವರು ನೋಡಿ, ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ; ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ.

ಪ್ರತಿಕ್ರಿಯೆ: ಜಯನಗರ ನಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಮಲ್ಲೇಶ್ವರದ ಮೇಡಂ ಅವರ ಮಾತನ್ನು ಮನೆಯಲ್ಲಿ ಓದಿ ಹೇಳಿದಾಗ ಅಪ್ಪ ನಕ್ಕರು, ಅಮ್ಮ ನಗಲಿಲ್ಲ. ಕೊನೆಗೆ ನಾವು ನಡುದಾರಿ ಹಿಡಿದಿದ್ದೇವೆ. ಗಿಡ್ಡ ಚಾಸಿಯ, ಹಳದಿ ಬೋರ್ಡಿನ ಗಾಡಿಯನ್ನು ಚಾಲಕರ ಸಮೇತ ಪಡೆದು, ಒಂದು ರಾತ್ರಿ ಗಾಡಿಯಲ್ಲಿ, ಮರುರಾತ್ರಿ ನೆಲಮಹಡಿಯ ಕೋಣೆಯಲ್ಲಿ ಎಂಬಂತೆ ತಂಗುದಾಣಗಳನ್ನು ಗೊತ್ತುಮಾಡುತ್ತಿದ್ದೇವೆ. ಚಾಲಕರಿಗೂ ಮಲಗಲು ಜಾಗ ಬೇಕಲ್ಲ, ಆ ಲೆಕ್ಕವನ್ನು ಈಗಷ್ಟೇ ಸೇರಿಸಿಕೊಂಡೆವು. ನ್ಯೂಜಿಲೆಂಡ್ ಮುಂದಿನ ವರ್ಷದ ಮಾತು. ಒಂದು ಸಂಶಯ ಉಳಿದಿದೆ: ಗಾಡಿಯ ಶೌಚಾಲಯದ ಪೆಟ್ಟಿಗೆಯನ್ನು ದಾರಿಯಲ್ಲಿ ಎಲ್ಲಿ ಖಾಲಿ ಮಾಡುವುದು?

ಉತ್ತರ: ಘಾಟಿ ಪ್ರಿಯ

ಒಳ್ಳೆಯ ಪ್ರಶ್ನೆ, ಬಾಡಿಗೆ ಕೊಡುವವರು ಇದರ ಬಗ್ಗೆ ತಾವಾಗಿಯೇ ಬಾಯಿಬಿಡುವುದಿಲ್ಲ. ಹೊರಗೆಳೆದು ಒಯ್ಯಬಹುದಾದ ಕ್ಯಾಸೆಟ್ ಮಾದರಿಯ ಪೆಟ್ಟಿಗೆ ಹಿಡಿಯುವುದು 20 ಲೀಟರಿನಷ್ಟೇ. ಎಲ್ಲರೂ ಹಗಲಿರುಳು ಬಳಸಿದರೆ ಮಾರನೆಯ ದಿನವೇ ತುಂಬುತ್ತದೆ. ಆದ್ದರಿಂದ ಅದನ್ನು ತಾಯಿಯವರಿಗೆ ದಾರಿಯಲ್ಲಿ, ಉಳಿದವರಿಗೆ ನಡುರಾತ್ರಿಯಲ್ಲಿ ಮಾತ್ರ ಎಂದು ಮೊದಲೇ ನಿಗದಿ ಮಾಡಿಕೊಳ್ಳಿ. ನೀವು ಕೋಣೆಯಲ್ಲಿ ತಂಗುವ ರಾತ್ರಿಗಳೇ ಅದನ್ನು ಖಾಲಿ ಮಾಡುವ ದಿನಗಳೂ ಆಗಲಿ: ಮಾಲೀಕರಿಗೆ ಹೇಳಿ, ಅವರ ಶೌಚಾಲಯದಲ್ಲಿ ನಿಧಾನವಾಗಿ ಸುರಿದು, ಎರಡು ಬಕೆಟ್ ನೀರು ಹಾಕಿ ತೊಳೆಯಿರಿ. ಹಳ್ಳಿಯ ಮನೆಗಳಲ್ಲಿ ಇರುವುದು ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕು. ಪೆಟ್ಟಿಗೆಗೆ ಹಾಕುವ ಫಾರ್ಮಾಲ್ಡಿಹೈಡ್ ಇರುವ ನೀಲಿ ದ್ರವ ಅಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಕಿಣ್ವದ ದ್ರವವನ್ನೇ ಕೇಳಿ ತೆಗೆದುಕೊಳ್ಳಿ. ಪಾತ್ರೆ ತೊಳೆದ ನೀರನ್ನಾದರೂ ತೋಟದವರ ಒಪ್ಪಿಗೆ ಪಡೆದು ಬಾಳೆಯ ಬುಡಕ್ಕೆ ಬಿಡಬಹುದು. ಶೌಚಾಲಯದ ಪೆಟ್ಟಿಗೆಯದ್ದನ್ನು ಮಾತ್ರ ಘಾಟಿಯ ಚರಂಡಿಗೂ ಹೊಳೆಗೂ ಸುರಿಯುವ ಹಾಗಿಲ್ಲ. ಚಾಲಕರಿಗೂ ಇದನ್ನು ಹೊರಡುವ ದಿನವೇ ಹೇಳಿಬಿಡಿ, ಯಾಕೆಂದರೆ ಬೆಳಗ್ಗೆ ನೀವು ಏಳುವ ಮೊದಲು ಗಾಡಿ ತೊಳೆದು ಸಿದ್ಧ ಮಾಡುವವರು ಅವರೇ.